ಅಣುಸ್ಥಾವರದ ತಂತ್ರಜ್ಞ



ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಒಂದನೆಯ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಈ ಸಾಧನೆಯಲ್ಲಿ ವಿಜ್ಞಾನಿಗಳಂತೆಯೇ ಹಗಲಿರುಳು ಪಾಳಿಯಲ್ಲಿ ದುಡಿದ ತಂತ್ರಜ್ಞರ ಪಾಲೂ ಇದೆ.

ಇವರ ಕೆಲಸವೇನು? ಪಂಪು, ಕವಾಟ, ಮಾಪಕಗಳನ್ನು ಸುಸ್ಥಿತಿಯಲ್ಲಿಡುವುದು. ಒತ್ತಡ, ಉಷ್ಣತೆ, ವಿಕಿರಣದ ಮಟ್ಟಗಳನ್ನು ಅಳೆದು ದಾಖಲಿಸುವುದು. ವಿಕಿರಣ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಆದ್ದರಿಂದ ಮೂರು ಸೂತ್ರಗಳನ್ನು ರೂಢಿಸಿಕೊಳ್ಳಬೇಕು: ಕಡಿಮೆ ಸಮಯ, ಹೆಚ್ಚು ದೂರ, ತಕ್ಕ ರಕ್ಷಾಕವಚ. ಚಿಕ್ಕ ಆಕರದಿಂದ ನಮ್ಮ ದೂರ ಇಮ್ಮಡಿಯಾದರೆ ವಿಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀವು ಓದುವ ವಿಲೋಮ ವರ್ಗ ನಿಯಮ ಇಲ್ಲಿ ಜೀವ ಕಾಯುತ್ತದೆ. ಎದೆಯ ಮೇಲೆ ಧರಿಸುವ ಬ್ಯಾಡ್ಜು ಮೈಗೆ ತಗುಲಿದ ವಿಕಿರಣದ ಲೆಕ್ಕ ಇಡುತ್ತದೆ. ನಮ್ಮ ದೇಶದಲ್ಲಿ ಕೆಲಸಗಾರರಿಗೆ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್, ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ ಮಿತಿ.

ಪಿ.ಯು.ಸಿ. ವಿಜ್ಞಾನ ಅಥವಾ ಐ.ಟಿ.ಐ. ಮುಗಿಸಿದವರು ಆಯ್ಕೆಯಾದರೆ ತರಬೇತಿ ಪಡೆದು ತಂತ್ರಜ್ಞರಾಗಬಹುದು. ಆದರೆ ಅಂಕಪಟ್ಟಿಯಲ್ಲಿ ಕಾಣದ ಒಂದು ಅರ್ಹತೆಯೂ ಬೇಕು: ಮಾಪಕ ತೋರಿಸಿದ್ದನ್ನೇ ಬರೆಯುವ ಪ್ರಾಮಾಣಿಕತೆ. ನೋಡದೆ ನಿನ್ನೆಯ ಅಂಕಿಯನ್ನೇ ಇಂದೂ ಬರೆದಿಟ್ಟರೆ, ಮುಂದಿನ ಪಾಳಿಯವನು ಆ ಸುಳ್ಳನ್ನು ನಂಬಿ ಒಳಗೆ ಹೋಗುತ್ತಾನೆ. ಪ್ರಯೋಗಶಾಲೆಯಲ್ಲಿ ಪಕ್ಕದವರ ಅಂಕಿಗಳನ್ನು ನಕಲು ಮಾಡದ ಅಭ್ಯಾಸದಿಂದಲೇ ಈ ವೃತ್ತಿಯ ಸಿದ್ಧತೆ ಆರಂಭವಾಗಲಿ.