ಕೊಟ್ಟುದರ ಲೆಕ್ಕ, ನಿಂತವರ ಲೆಕ್ಕ



ಗೋಸ್ತನೀ ನದಿಯು ಸಮುದ್ರವನ್ನು ಸೇರುವ ಭೀಮುನಿಪಟ್ಟಣವು ಇಂದು ವಿಹಾರಾರ್ಥಿಗಳು ಬಂದುಹೋಗುವ ಕಡಲತಡಿಯ ಊರಾಗಿದ್ದರೂ, ಒಂದು ಕಾಲಕ್ಕೆ ಇಲ್ಲಿಂದಲೂ ನೆರೆಯ ವಿಶಾಖಪಟ್ಟಣ, ಕಾಕಿನಾಡಗಳಿಂದಲೂ ಸಹಸ್ರಾರು ತೆಲುಗು ಕೂಲಿಕಾರರು ಹಡಗು ಹತ್ತಿ ರಂಗೂನಿಗೆ ಹೋಗುತ್ತಿದ್ದರು. 1941ರ ಡಿಸೆಂಬರಿನಲ್ಲಿ ಜಪಾನಿನ ವಿಮಾನಗಳು ಆ ನಗರದ ಮೇಲೆ ಬಾಂಬು ಸುರಿದ ತರುವಾಯ, ಬರ್ಮಾದಲ್ಲಿದ್ದ ಭಾರತೀಯರಲ್ಲಿ ಸುಮಾರು 5 ಲಕ್ಷ ಮಂದಿ, ಕೆಲವರು ಹಡಗಿನಲ್ಲಿಯೂ ಬಹುಮಂದಿ ಅರಾಕಾನ್, ಮಣಿಪುರಗಳ ಬೆಟ್ಟದ ಹಾದಿಯಲ್ಲಿ ಕಾಲ್ನಡಿಗೆಯಿಂದಲೂ, ಸ್ವದೇಶದತ್ತ ಹೊರಟರು. ಅವರಲ್ಲಿ ದಾರಿಯಲ್ಲಿಯೇ ಅಳಿದವರೆಷ್ಟು ಎಂಬುದನ್ನು ಇಂದಿಗೂ ಅಂದಾಜಿನಿಂದಲೇ ಹೇಳಬೇಕಾಗಿದೆ; ಏಕೆಂದರೆ ನೆರವಿನ ಲೆಕ್ಕವು ಶಿಬಿರದ ಬಾಗಿಲಿನಲ್ಲಿ ಆರಂಭವಾಗುತ್ತದೆ, ಬಾಗಿಲನ್ನು ಮುಟ್ಟದವನು ಅದರೊಳಗೆ ಬರುವುದೇ ಇಲ್ಲ.

ಕಲಹದಿಂದ ನೆಲೆತಪ್ಪಿದವರಿಗೆ ಕೊಟ್ಟ ನೆರವು ಸಾರ್ಥಕವಾಯಿತೆ ಎಂಬುದನ್ನು ಅಳೆಯಲು ಈಗ ನಿಯತವಾದ ಮಾನದಂಡಗಳಿವೆ: ತಲೆಗೆ ದಿನಕ್ಕೆ 15 ಲೀಟರು ನೀರು, 20 ಜನಕ್ಕೊಂದು ಶೌಚಾಲಯ, ಒಬ್ಬೊಬ್ಬರಿಗೂ ಮೂರೂವರೆ ಚದರ ಮೀಟರು ನೆರಳು. ಇವು ಬೇಕಾದುವೇ; ವಾಂತಿಭೇದಿ ಹಬ್ಬಿದ ಶಿಬಿರದಲ್ಲಿ ತತ್ತ್ವವಿಚಾರಕ್ಕೆ ಎಡೆಯಿಲ್ಲ. ಆದರೆ ಇವೆಲ್ಲವೂ ಕೊಟ್ಟುದರ ಅಳತೆಗಳು. ಕೊಟ್ಟಮೇಲೆ ಆ ಸಂಸಾರವು ಏನಾಯಿತೆಂಬ ಪ್ರಶ್ನೆಗೆ ಉತ್ತರ ಬೇಕಾದರೆ ಹತ್ತು ಹದಿನೈದು ವರ್ಷ ಕಳೆದ ಬಳಿಕ ಮತ್ತೆ ಹೋಗಿ ನೋಡಬೇಕು. ಆ ವೇಳೆಗೆ ಹಣ ಕೊಟ್ಟವರ ಆಸಕ್ತಿಯು ಬೇರೊಂದು ಯುದ್ಧದ ಕಡೆಗೆ ತಿರುಗಿರುವುದೇ ಹೆಚ್ಚು.

ವಿಶಾಖಪಟ್ಟಣದಿಂದ ಅರಕು ಕಣಿವೆಯ ಘಟ್ಟವನ್ನೇರಿ ಮುಂದೆ ಸಾಗಿದರೆ ಒಡಿಶಾದ ಕೋರಾಪುಟ್ ಸೀಮೆ ಸಿಗುತ್ತದೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ನಿರಾಶ್ರಿತರಿಗಾಗಿ ಕೇಂದ್ರ ಸರ್ಕಾರವು 1958ರಲ್ಲಿ ಆರಂಭಿಸಿದ ದಂಡಕಾರಣ್ಯ ಯೋಜನೆಯು ಈ ಸೀಮೆಯನ್ನೂ ಆಚೆಯ ಬಸ್ತರನ್ನೂ ಒಳಗೊಂಡಿದ್ದಿತು. ಕಾಡು ಕಡಿದು ಹದಗೊಳಿಸಿದ ಎಕರೆಗಳು, ಕಟ್ಟಿದ ಮನೆಗಳು, ತೋಡಿದ ಬಾವಿಗಳು ಇವುಗಳ ತಪಶೀಲು ವರದಿಗಳಲ್ಲಿ ಅಚ್ಚುಕಟ್ಟಾಗಿ ಸೇರುತ್ತಿದ್ದುವು. ಈ ಯೋಜನೆಯ ಪ್ರಾಧಿಕಾರಕ್ಕೆ ಕೆಲಕಾಲ ಅಧ್ಯಕ್ಷರಾಗಿದ್ದ ಐ.ಸಿ.ಎಸ್. ಅಧಿಕಾರಿ ಶೈಬಾಲ್ ಕುಮಾರ್ ಗುಪ್ತರು 1965ರ ಜನವರಿಯಲ್ಲಿ 'ಎಕನಾಮಿಕ್ ವೀಕ್ಲಿ' ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಹಂಚಿದ ಎಕರೆಗಳಿಗೆ ತೃಪ್ತರಾಗದೆ, ಆ ಎಕರೆಯ ಮಣ್ಣು ಎಂಥದು, ಅದರಿಂದ ಕುಟುಂಬವೊಂದರ ಹೊಟ್ಟೆ ತುಂಬೀತೆ ಎಂದು ವಿಚಾರಿಸಿದರು. ನದೀಮುಖದ ಕೆಸರುಗದ್ದೆಯಲ್ಲಿ ಬೆಳೆದ ರೈತನಿಗೆ ನೀರಾವರಿಯಿಲ್ಲದ ಒಣ ದಿಣ್ಣೆನೆಲವನ್ನು ಕೊಟ್ಟುದರ ಪರಿಣಾಮವು ಅಲ್ಲಿ ಕಾಣಬಂದಿತು. ಸ್ವತಃ ಆಡಳಿತ ನಡೆಸಿದವರೇ ಇಂಥ ಪರೀಕ್ಷೆಗೆ ಕೈಹಾಕುವುದು ವಿರಳವಾದುದರಿಂದ, ಆ ಲೇಖನಗಳನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಆದರೆ ಅವುಗಳಿಂದ ಆಗಬೇಕಾದ ತಿದ್ದುಪಡಿ ಆಗಲಿಲ್ಲ. 1978ರಲ್ಲಿ ಸಹಸ್ರಾರು ಕುಟುಂಬಗಳು ಜಮೀನನ್ನೂ ಮನೆಯನ್ನೂ ತೊರೆದು ಬಂಗಾಳಕ್ಕೆ ಹೊರಟುವು. ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ನೆಲೆನಿಂತವರನ್ನು 1979ರಲ್ಲಿ ಪೋಲೀಸರು ಬಲಾತ್ಕಾರದಿಂದ ಎಬ್ಬಿಸಿದರು. ಸರ್ಕಾರದ ವರದಿಯಲ್ಲಿ 'ನೆಲೆಗೊಂಡವರು' ಎಂದು ಎಣಿಸಲ್ಪಟ್ಟವರೇ ಹೀಗೆ ನಡೆದುಹೋದರೆಂಬುದನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕು?

ನಮ್ಮ ಬೈಲಕುಪ್ಪೆಯ ಕಥೆ ಬೇರೆ. 1960ರ ಕೊನೆಯಲ್ಲಿ ಅಲ್ಲಿಗೆ ಬಂದ ಟಿಬೆಟ್ಟಿನ ನಿರಾಶ್ರಿತರೂ ಕಾಡನ್ನು ಕಡಿದು, ಆನೆಗಳ ಹಾವಳಿಯನ್ನು ಸಹಿಸಿ, ಮುಸುಕಿನ ಜೋಳ ಬೆಳೆದರು. ಆದರೆ ಒಕ್ಕಲುತನದ ಇಳುವರಿಯನ್ನಷ್ಟೇ ಅಳೆಯುವವನಿಗೆ ಚಳಿಗಾಲದಲ್ಲಿ ದೂರದ ಊರುಗಳಿಗೆ ಹೋಗಿ ಸ್ವೆಟರು ಮಾರುವ ಅವರ ವ್ಯಾಪಾರವು ಕಣ್ಣಿಗೆ ಬೀಳದು. ಒಂದೇ ಸಮುದಾಯವಾಗಿ, ತಮ್ಮ ಸಹಕಾರ ಸಂಘ, ಶಾಲೆ, ಮಠಗಳೊಡನೆ ಇರಗೊಟ್ಟುದೇ ಅವರಿಗೆ ದೊರೆತ ದೊಡ್ಡ ನೆರವೆಂದು ನನ್ನ ಅಭಿಪ್ರಾಯ.

ಇನ್ನು, ದಂಡಕಾರಣ್ಯ ಯೋಜನೆಗಾಗಿ ಕಾಡನ್ನು ಕಳೆದುಕೊಂಡ ಕೋರಾಪುಟ್ಟಿನ ಆದಿವಾಸಿಗಳು. ಹದಗೊಳಿಸಿದ ಭೂಮಿಯಲ್ಲಿ ಕಾಲುಭಾಗವು ಅವರಿಗೆಂದು ಗೊತ್ತುಪಡಿಸಲಾಗಿದ್ದಿತು. ಆದರೆ ಕಡಿದ ಕಾಡಿನಿಂದ ಅವರು ತರುತ್ತಿದ್ದ ಗೆಡ್ಡೆ, ಇಪ್ಪೆ, ಸೌದೆಗಳಿಗೆ ಆ ಕಾಲುಭಾಗವು ಸಾಟಿಯಾಯಿತೆ ಎಂಬುದು ಎಕರೆಗಳ ತಪಶೀಲಿನಿಂದ ತಿಳಿಯುವ ಸಂಗತಿಯಲ್ಲ. ನಿರಾಶ್ರಿತನ ಮನೆಯ ಕದ ತಟ್ಟುವ ಪರೀಕ್ಷಕನು ಅಲ್ಲಿಂದ ಮುಂದೆ ಆದಿವಾಸಿಗಳ ಹಾಡಿಯವರೆಗೂ ನಡೆದುಹೋಗಿ, ಅವರನ್ನೇ ಕೇಳಬೇಕು.