ಓಮದ ಕಾಳು, ಕೊಕ್ಕೆಹುಳು, ಬರಿಗಾಲು
(ಕೃಷಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆನೋವು ಬಂದರೆ ನಮ್ಮ ತಾಯಂದಿರು ಓಮದ ಕಷಾಯ ಕೊಡುತ್ತಾರೆ. ಆ ಓಮದ ಎಣ್ಣೆಯ ಮುಖ್ಯ ಸತ್ವ ಥೈಮಾಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿಗೆ ವೈದ್ಯರು ಮುಖ್ಯವಾಗಿ ನಂಬಿದ್ದ ಮದ್ದು ಇದೇ. 1914ರ ಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಮ ಮೂಟೆಗಟ್ಟಲೆ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಬಟ್ಟಿ ಇಳಿಸಿದ ಥೈಮಾಲ್ ಲೋಕದ ಪೇಟೆಗೆ ಬರುತ್ತಿತ್ತು. ಬೆಳೆದವನಿಗೆ ಕಾಳಿನ ಬೆಲೆ, ಬಟ್ಟಿಯ ಒಡೆಯನಿಗೆ ಮದ್ದಿನ ಲಾಭ!

ಆದರೆ ಗಿಡದ್ದೆಂದ ಮಾತ್ರಕ್ಕೆ ಮದ್ದು ಸಾಧುವಲ್ಲ. ಹುಳು ಸಾಯುವಷ್ಟು ಥೈಮಾಲ್ ಕೊಟ್ಟ ದಿನ ರೋಗಿಗೆ ಎಣ್ಣೆ, ಹೆಂಡ ವರ್ಜ್ಯ. ಅವುಗಳಲ್ಲಿ ಕರಗಿ ಮೈಗೇರಿದರೆ ಪ್ರಾಣಕ್ಕೇ ಅಪಾಯ. ಆ ಚಿಕಿತ್ಸೆ ಹಿಂದೆ ಸರಿಯಿತು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಉಚಿತ. ತಪ್ಪದೆ ಕೊಡಿಸಿ.

ಆದರೂ ಮಾತ್ರೆ ನುಂಗಿದ ಮಗು ಮತ್ತೆ ಬರಿಗಾಲಲ್ಲಿ ಮಲ ಬಿದ್ದ ಮಣ್ಣನ್ನು ತುಳಿದರೆ, ಮರಿಹುಳು ಅಂಗಾಲಿನ ಚರ್ಮ ಕೊರೆದು ರಕ್ತ ಸೇರಿ, ಶ್ವಾಸಕೋಶ ಹಾದು ಕರುಳಿಗೇ ಬರುತ್ತದೆ. ಅಲ್ಲಿ ಕಚ್ಚಿ ಹಿಡಿದು ರಕ್ತ ಹೀರುತ್ತದೆ. ರಕ್ತಹೀನನಾಗಿ ಬಳಲಿದ ಕೂಲಿಯನ್ನು ಸೋಮಾರಿಯೆಂದು ಹಂಗಿಸುವ ಧಣಿಗಳು ಇದನ್ನು ಅರಿಯಲಿ.

ಆದ್ದರಿಂದ ನಮ್ಮ ಬೇಡಿಕೆ ಮೂರು: ಕೂಲಿಕಾರರ ಪ್ರತಿ ಮನೆಗೂ ನೀರಿರುವ ಕಕ್ಕಸು; ಮಣ್ಣಿನಲ್ಲಿ ದುಡಿಯುವ ಪ್ರತಿ ಕಾಲಿಗೂ ಮೆಟ್ಟು; ಮಕ್ಕಳಂತೆಯೇ ದುಡಿಯುವ ದೊಡ್ಡವರಿಗೂ ಪರೀಕ್ಷೆ, ಮಾತ್ರೆ. ಬರುವ ಗ್ರಾಮಸಭೆಯಲ್ಲಿ ಇವನ್ನು ಒಂದೊಂದಾಗಿ ಕೇಳಿ. ಠರಾವು ಬರೆಸಿಯೇ ಏಳಿ.