ಕೈಕೊಡುವ ಪಿಸ್ತೂಲು



ಕೋವಿಯ ಮಾತು ನಮ್ಮ ನಾಡಿಗೆ ಹೊಸದಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೋವಿಯುಂಟು. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಸಲ್ಲಿಸುವರು. ಆದರೆ ಪಿಸ್ತೂಲಿನ ಬಾಳು ಬೇರೆ. ಅದು ಬೇಟೆಗೆ ಒದಗುವುದಲ್ಲ, ತೋಟ ಕಾಯುವುದಕ್ಕೂ ಅಲ್ಲ. ಬೀರುವಿನೊಳಗೆ ವರ್ಷಗಟ್ಟಲೆ ಮಲಗಿದ್ದು, ಎಂದಾದರೊಂದು ದಿನ, ಬಹುಶಃ ಎಂದಿಗೂ ಬಾರದ ಆ ದಿನ, ತಪ್ಪದೆ ಕೆಲಸ ಮಾಡಬೇಕೆಂದು ಇಟ್ಟುಕೊಂಡಿರತಕ್ಕ ವಸ್ತು ಅದು. ಅಂತಹದು ಐದು ಸಲ ಸಿಡಿದು ಆರನೆಯ ಸಲ ಸುಮ್ಮನಾಗುವುದಾದರೆ ಅದರ ಒಡೆಯನು ಮಾಡತಕ್ಕದ್ದೇನು? ರಿಪೇರಿ ಮಾಡಿಸಬೇಕೆ? ತನ್ನ ಕೈಗೆ ಒಗ್ಗುವಂತೆ ಮಾರ್ಪಡಿಸಿಕೊಳ್ಳಬೇಕೆ? ಅಥವಾ ಅದನ್ನು ಕೊಟ್ಟು ಬೇರೊಂದನ್ನು ಕೊಳ್ಳಬೇಕೆ?

ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವ ನನಗೆ ಈ ಪ್ರಶ್ನೆ ಎದುರಾದದ್ದು ಸ್ನೇಹಿತರೊಬ್ಬರಿಂದ. ಮೂಡಿಗೆರೆಯ ಕಡೆ ಅವರಿಗೆ ಕಾಫಿ ತೋಟವಿದೆ. ತಂದೆಯ ಕಾಲದ ವಿದೇಶೀ ಪಿಸ್ತೂಲೊಂದು, .32 ಅಳತೆಯದು, ಲೈಸೆನ್ಸಿನ ಸಮೇತ ಅವರ ಪಾಲಿಗೆ ಬಂದಿದ್ದಿತು. ಅದು ಆಗಾಗ ತಡೆಯುತ್ತಿದ್ದಿತು. ಸಲಹೆ ಕೊಡುವವರಿಗೇನೂ ಕೊರತೆಯಿರಲಿಲ್ಲ. ಒಬ್ಬರು ಹೊಸ ಸ್ಪ್ರಿಂಗು ಹಾಕಿಸೆಂದರು. ಇನ್ನೊಬ್ಬರು ನಿಕ್ಕಲ್ ಲೇಪ ಕೊಡಿಸಿ ಟ್ರಿಗರನ್ನು ಹಗುರ ಮಾಡಿಸೆಂದರು. ಮತ್ತೊಬ್ಬರು ತಮಗೇ ಕೊಟ್ಟುಬಿಡೆಂದರು. ಇವರಲ್ಲಿ ಒಬ್ಬರೂ ಅದು ಏಕೆ ತಡೆಯುತ್ತದೆಯೆಂದು ಕೇಳಲಿಲ್ಲವೆಂಬುದೇ ಸೋಜಿಗ.

ಈ ಯಂತ್ರದ ಕೆಲಸವನ್ನು ಸ್ವಲ್ಪ ನೋಡೋಣ. ತೋಟಾ ಸಿಡಿದಾಗ ಗುಂಡನ್ನು ಮುಂದಕ್ಕೆ ದೂಡುವ ಬಲವೇ ಖಾಲಿ ಕೋಶವನ್ನೂ ಅದರ ಬೆನ್ನಿಗಿರುವ ಸ್ಲೈಡ್ ಎಂಬ ಉಕ್ಕಿನ ಭಾಗವನ್ನೂ ಹಿಂದಕ್ಕೆ ಒದೆಯುವುದು. ಹಿಂದೆ ಸರಿಯುವಾಗ ಒಂದು ಪುಟ್ಟ ಕೊಕ್ಕೆಯು ಖಾಲಿ ಕೋಶವನ್ನು ಎಳೆದು ಹೊರಕ್ಕೆ ಎಸೆಯುವುದು. ಬಳಿಕ ಸ್ಪ್ರಿಂಗಿನ ಬಲದಿಂದ ಸ್ಲೈಡು ಮುಂದಕ್ಕೆ ಬರುತ್ತ ಮ್ಯಾಗಜೀನಿನ ಬಾಯಿಯಿಂದ ಹೊಸ ತೋಟಾವೊಂದನ್ನು ಕಿತ್ತು ನಳಿಗೆಯೊಳಕ್ಕೆ ನೂಕುವುದು. ಇಷ್ಟೆಲ್ಲವೂ ನಡೆಯುವುದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ. ಹೀಗಿರುವಲ್ಲಿ ದೋಷವು ಪಿಸ್ತೂಲಿನಲ್ಲೇ ಇರಬೇಕೆಂದೇನೂ ಇಲ್ಲ. ತೋಟಾದಲ್ಲಿರಬಹುದು, ಮ್ಯಾಗಜೀನಿನಲ್ಲಿರಬಹುದು, ಸಡಿಲವಾಗಿ ಹಿಡಿದ ಮಣಿಕಟ್ಟಿನಲ್ಲಿಯೂ ಇರಬಹುದು.

ತೋಟಾದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಶಿಲ್ಪಿ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ .32 ತೋಟಾದ ಬುಡದ ಅಂಚು ಮೈಗಿಂತ ಕೂದಲೆಳೆಯಷ್ಟು ಅಗಲವಾಗಿದೆ. ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕುಳಿತ ತೋಟಾಗಳಲ್ಲಿ ಮೇಲಿನದರ ಅಂಚು ಕೆಳಗಿನದರ ಅಂಚಿಗೆ ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿದಂತೆ ಸಿಕ್ಕಿಕೊಳ್ಳುವುವು. ಸ್ಲೈಡು ಎಷ್ಟು ನೂಕಿದರೂ ಮೇಲಿನ ತೋಟಾ ಕದಲದು. ಗುಂಡಿನ ಮೂತಿ ಮೋಟಾದ ತೋಟಾಗಳಲ್ಲಿ ಹಿಂದುಮುಂದಕ್ಕೆ ಜಾರಲು ಎಡೆ ಹೆಚ್ಚಾದುದರಿಂದ ಈ ತೊಡಕೂ ಹೆಚ್ಚು. ಇದಕ್ಕೆ ಮದ್ದು ಕಮ್ಮಾರನಲ್ಲಿಲ್ಲ. ಸರಿಯಾದ ಉದ್ದದ ತೋಟಾವನ್ನು ಆರಿಸಿ ಎಚ್ಚರದಿಂದ ತುಂಬುವುದರಲ್ಲಿದೆ. ಇನ್ನು ನಮ್ಮ ಮಲೆನಾಡಿನ ಮಳೆಗಾಲ! ಚರ್ಮದ ಚೀಲದಲ್ಲಿಟ್ಟ ಹಿತ್ತಾಳೆಯ ತೋಟಾಕ್ಕೆ ಒಂದೆರಡು ಮಳೆಗಾಲಗಳಲ್ಲಿ ಹಸುರು ಕಿಲುಬು ಹತ್ತುವುದು. ಎಣ್ಣೆಯನ್ನು ಧಾರಾಳವಾಗಿ ಬಳಿದರೆ ಅದು ಕೇಪಿನೊಳಕ್ಕೆ ಇಳಿದು ಅದನ್ನು ಕೆಡಿಸುವುದೂ ಉಂಟು. ನನ್ನ ಸ್ನೇಹಿತರ ತೋಟಾಗಳಿಗೆ ಈ ಎರಡು ಉಪಚಾರಗಳೂ ಆಗಿದ್ದುವು.

ಆದಕಾರಣ ನಾನು ಹೇಳಿದ್ದು, ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ. 1911ರಲ್ಲಿ ಅಮೆರಿಕದ ಸೇನೆಯು ಬ್ರೌನಿಂಗನ ಇನ್ನೊಂದು ಪಿಸ್ತೂಲನ್ನು ಅಂಗೀಕರಿಸುವ ಮುನ್ನ ಅದರಿಂದ 6000 ಗುಂಡು ಹಾರಿಸಿ, ಕಾದಾಗ ನೀರಿನಲ್ಲಿ ಅದ್ದಿ, ಒಂದೂ ತಡೆಯಿಲ್ಲದುದನ್ನು ಕಂಡಿತು. ನಮ್ಮಂತಹವರಿಗೆ ಅದು ಸಾಧ್ಯವಲ್ಲ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದು ಲೈಸೆನ್ಸಿನಲ್ಲಿಯೇ ನಮೂದಾಗಿರುತ್ತದೆ. ಈ ಮಿತವ್ಯಯದ ಫಲವೇನೆಂದರೆ, ಬಹುಮಂದಿ ತಮ್ಮ ಪಿಸ್ತೂಲನ್ನು ಪರೀಕ್ಷಿಸುವುದೇ ಇಲ್ಲ. ಸ್ನೇಹಿತರು ಹೊಸ ತೋಟಾ ನಲವತ್ತನ್ನು ಮೀಸಲಿಟ್ಟು, ಎರಡು ಮ್ಯಾಗಜೀನುಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಗುರಿ ಕಲಿಸುವ ಮೈದಾನದಲ್ಲಿ ತಿಳಿದವರ ಎದುರಿನಲ್ಲಿ ಹಾರಿಸಿದರು. ಪ್ರತಿಯೊಂದು ತಡೆಯನ್ನೂ ಕಾಗದದಲ್ಲಿ ಬರೆದುಕೊಂಡರು. ಟ್ರಿಗರ್ ಒತ್ತಿದರೂ ಸಿಡಿಯದಿದ್ದಾಗ ಮೂತಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದರು. ತೋಟಾವು ತಡವಾಗಿ ಸಿಡಿಯುವುದೂ ಉಂಟಷ್ಟೆ.

ನಲವತ್ತರಲ್ಲಿ ಏಳು ತಡೆಗಳು. ಅವುಗಳಲ್ಲಿ ಐದು ಎರಡನೆಯ ಮ್ಯಾಗಜೀನಿನವೇ! ಅದರ ತಗಡಿನ ತುಟಿ ಒಂದು ಬದಿಗೆ ಬಾಗಿದ್ದಿತು. ಉಳಿದೆರಡರಲ್ಲಿ ಖಾಲಿ ಕೋಶವು ಹೊರಬೀಳದೆ ಉಳಿದಿದ್ದಿತು. ಎಂದರೆ ಕೊಕ್ಕೆ ಸವೆದಿದ್ದಿತು. ಇಷ್ಟು ತಿಳಿದ ಮೇಲೆ ರಿಪೇರಿಯ ಮಾತು ಕುರುಡು ಮಾತಲ್ಲ. ಆದರೆ ಅದನ್ನು ಲೈಸೆನ್ಸುಳ್ಳ ಕೆಲಸಗಾರನಿಂದಲೇ ಮಾಡಿಸತಕ್ಕದ್ದು. 1959ರ ಆಯುಧ ಕಾಯಿದೆಯಂತೆ ಬಂದೂಕನ್ನು ರಿಪೇರಿ ಮಾಡುವ ಕಸುಬಿಗೂ ಲೈಸೆನ್ಸು ಬೇಕು. ಊರಿನ ಸೈಕಲ್ ಅಂಗಡಿಯವನು ಎಷ್ಟು ಜಾಣನಾದರೂ ಇದು ಅವನ ಕೆಲಸವಲ್ಲ.

ಮಾರ್ಪಾಡಿನ ಸಲಹೆಯನ್ನು ನಾನು ಒಪ್ಪಲಿಲ್ಲ. ಟ್ರಿಗರನ್ನು ಹಗುರ ಮಾಡಲೆಂದು ಕುದುರೆಯ ಸ್ಪ್ರಿಂಗನ್ನು ಮೆದುಗೊಳಿಸಿದರೆ ಏಟು ಸೋತು, ಗಡುಸಾದ ಕೇಪು ಸಿಡಿಯದೆ ಹೋಗುವುದು. ಗುರಿ ಹೆಚ್ಚಲೆಂದು ಭಾಗಗಳನ್ನು ಬಿಗಿಯಾಗಿ ಕೂಡಿಸಿದರೆ ಧೂಳಿಗೂ ಮಸಿಗೂ ಎಡೆಯಿಲ್ಲದೆ ಯಂತ್ರವು ಹಿಡಿದುಕೊಳ್ಳುವುದು. ಪಂದ್ಯಕ್ಕೆ ಹಾರಿಸುವವರಿಗೆ ಈ ಬೆಲೆ ತೆರುವುದು ಸಮ್ಮತವಿರಬಹುದು, ಮನೆ ಕಾಯುವವನಿಗಲ್ಲ. ನಿಕ್ಕಲ್ ಲೇಪದಲ್ಲಿಯೂ ಒಂದು ಅಪಾಯವಿದೆ. ಲೇಪಕ್ಕೆ ಮುಂಚೆ ಲೋಹವನ್ನು ಉಜ್ಜುವರು. ಉಜ್ಜುವವನ ಕೈ ಭಾರವಾದರೆ ಪಿಸ್ತೂಲಿನ ನಂಬರು ಮಾಯವಾಗುವುದು, ನಂಬರನ್ನು ಅಳಿಸುವುದಂತೂ ಕಾಯಿದೆಗೆ ವಿರುದ್ಧ. ನಳಿಗೆಯನ್ನು ಕುಗ್ಗಿಸುವುದೂ ಹಾಗೆಯೇ. ಕೈಹಿಡಿಯ ಮರವನ್ನು ಅಂಗೈಗೆ ತಕ್ಕಂತೆ ಮಾಡಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಅದೂ ರೋಗ ವಾಸಿಯಾದ ಮೇಲೆ.

ತುಟಿಯನ್ನು ತಿದ್ದಿಸಿ, ಕೊಕ್ಕೆಯನ್ನು ಹೊಸದು ಮಾಡಿಸಿ, ಮತ್ತೆ ನಲವತ್ತು ಹಾರಿಸಿದರು. ಈ ಸಲ ಎರಡು ತಡೆಗಳು, ಎರಡೂ ತಿದ್ದಿದ ಮ್ಯಾಗಜೀನಿನಲ್ಲಿಯೇ. ಬಾಗಿದ ತಗಡು ಒಮ್ಮೆ ಬಾಗಿತೆಂದರೆ ನೆಚ್ಚುವಂತಿಲ್ಲ. ಆ ಹಳೆಯ ಮಾದರಿಗೆ ಹೊಸ ಮ್ಯಾಗಜೀನು ಎಲ್ಲಿಯೂ ದೊರೆಯಲಿಲ್ಲ. ಉಳಿದ ಒಂದನ್ನೇ ನಂಬಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದೂ ಅದೇ ವಯಸ್ಸಿನದು. ಕೊಟ್ಟುಬಿಡುವುದೇ ಮೇಲೆಂದು ನಾವಿಬ್ಬರೂ ಕಂಡುಕೊಂಡೆವು.

ಇಲ್ಲಿ ನಿಜವಾದ ಇಕ್ಕಟ್ಟು ಬಂದಿತು. 1980ರ ದಶಕದಲ್ಲಿ ಸಾಮಾನ್ಯರಿಗಾಗಿ ಪಿಸ್ತೂಲುಗಳ ಆಮದು ನಿಂತ ಮೇಲೆ ಹಳೆಯ ವಿದೇಶೀ ಪಿಸ್ತೂಲುಗಳಿಗೆ ಬಂದ ಬೆಲೆ ಹೇಳತೀರದು. ಲೈಸೆನ್ಸುಳ್ಳ ನೆರೆಯ ತೋಟದವರೊಬ್ಬರು ಪೂರ್ತಿ ಬೆಲೆ ಕೊಡಲು ಮುಂದೆ ಬಂದರು. ಬಟವಾಡೆಯ ದಿನ ಬ್ಯಾಂಕಿನಿಂದ ಕೂಲಿಯ ಹಣವನ್ನು ಅವರೇ ತರುವುದು, ದಾರಿಯೋ ಕಾಡು. ಸ್ನೇಹಿತರು ಪರೀಕ್ಷೆಯ ಕಾಗದವನ್ನು ಅವರ ಮುಂದಿಟ್ಟರು. "ಇರಲಿ ಗೌಡರೇ, ಫಾರಿನ್ ಮಾಲು, ನಾನು ಸರಿಮಾಡಿಸಿಕೊಳ್ಳುತ್ತೇನೆ" ಎಂದರು ಅವರು. "ನೀವು ಬ್ಯಾಂಕಿಗೆ ಹೋದ ದಿನವೆಲ್ಲಾ ನನಗೆ ಊಟ ಸೇರಲಿಕ್ಕಿಲ್ಲ, ನಿಮಗೆ ಮಾತ್ರ ಕೊಡಲಾರೆ" ಎಂದು ಸ್ನೇಹಿತರು ಅಲ್ಲಿಗೇ ಮುಗಿಸಿದರು. ನೆರೆಯವರಿಗೆ ಅಸಮಾಧಾನವಾಯಿತು, ಇಂದಿಗೂ ಅದು ಪೂರ್ತಿ ಹೋಗಿಲ್ಲವೆಂದು ಕೇಳಿದ್ದೇನೆ.

ಕೊನೆಗೆ ಅದು ಹೋದದ್ದು ಬೆಂಗಳೂರಿನ ಲೈಸೆನ್ಸುಳ್ಳ ವ್ಯಾಪಾರಿಯೊಬ್ಬರಿಗೆ, ಕಾಗದದ ಸಮೇತ, ಬಹಳ ಕಡಿಮೆ ಬೆಲೆಗೆ. ಖಾಸಗಿಯವರಿಗೆ ಕೊಡುವುದಾಗಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಪೋಲೀಸು ಠಾಣೆಗಾಗಲಿ ಮುಂಚಿತವಾಗಿ ಬರೆದು ತಿಳಿಸಿ, 45 ದಿನ ಕಳೆಯುವವರೆಗೆ ಕಾಯಬೇಕಾಗುತ್ತಿದ್ದಿತು. ಅದರ ಬದಲಿಗೆ ಅವರು ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರೊಂದನ್ನು ತೆಗೆದುಕೊಂಡರು. ಅದು ತೂಕವಾದುದು, ತುಂಬುವುದು ನಿಧಾನ. ಆದರೆ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಒತ್ತಿದೊಡನೆ ಮುಂದಿನ ಮನೆ ಎದುರಿಗೆ ಬರುವುದು. ಹೆಸರು .32 ಎಂದೇ ಇದ್ದರೂ ರಿವಾಲ್ವರಿನ ತೋಟಾ ಬೇರೆ, ಪಿಸ್ತೂಲಿನದು ಬೇರೆ. ಆದುದರಿಂದ ಉಳಿದಿದ್ದ ಹಳೆಯ ತೋಟಾಗಳನ್ನೂ ಆ ವ್ಯಾಪಾರಿಗೇ ಒಪ್ಪಿಸಿ, ಹೊಸವನ್ನು ಲೈಸೆನ್ಸಿನಲ್ಲಿ ಬರೆಯಿಸಿಕೊಂಡು, ಮರುವಾರವೇ ನಲವತ್ತು ತೋಟಾ ಹಿಡಿದು ಅದೇ ಮೈದಾನಕ್ಕೆ ಹೋದರು.